ಪೆಟ್ಟಿಗೆಯೊಳಗಿನ ಪಾಚಿ

ಕ್ಷಮಿಸಬೇಕು, ಇದನ್ನು ನಾಯಿಯ ಕೂದಲಿನಿಂದಲೇ ಶುರುಮಾಡಬೇಕಾಗಿದೆ. ಹೇಳಲು ಬಲ್ಲವರು ಇನ್ನೂ ಸಭ್ಯವಾದ ಕಡೆಯಿಂದ ಶುರುಮಾಡುತ್ತಿದ್ದರೇನೋ. ಆದರೆ ಆ ಶನಿವಾರ ಬೆಳಿಗ್ಗೆ ಡಗಲ್ ಪ್ರೆಂಟಿಸ್ ತನ್ನ ಆಟದ ಕಂಪ್ಯೂಟರಿನ ಗಾಜಿನ ಬಾಗಿಲು ಕಳಚಿದಾಗ ಮೊದಲು ಕೈಗೆ ಬಂದದ್ದು ಅದೇ. ಫ್ಯಾನಿನ ರೆಕ್ಕೆಗಳಿಗೆ ಸುತ್ತಿಕೊಂಡು, ಕೆಂಪು ಧೂಳು ಕುಡಿದು, ಹಳೆಯ ಕಂಬಳಿಯ ಚೂರಿನಂತೆ ಗಟ್ಟಿಯಾಗಿತ್ತು. ಎಳೆದರೆ ಇಡಿಯಾಗಿ ಬಂತು. ಇನ್ನೂ ಬೆಚ್ಚಗಿತ್ತು.

ಅವನು ಅದನ್ನು ಹಳೆಯ ಪೇಪರಿನ ಮೇಲಿಟ್ಟು ಚಿಮಟದಿಂದ ಬಿಡಿಸಿದ. ಬಿಡಿಸುವ ಅಗತ್ಯವೇನೂ ಇರಲಿಲ್ಲ. ಒಳಗೆ ನೊಣಗಳಿದ್ದವು. ಒಣಗಿ ಹಪ್ಪಳದಂತಾದ ಒಂದು ಹಲ್ಲಿಮರಿ ಇತ್ತು. ಬುಡದಲ್ಲಿ ಬಿಳಿ, ತುದಿಯಲ್ಲಿ ತಾಮ್ರದ ಬಣ್ಣದ ಒಂದು ಉದ್ದ ಕೂದಲು. ಅದು ಹೆಂಡತಿ ಜನೆಲ್‌ಳದು. ಉಳಿದದ್ದೆಲ್ಲ ಬೂದು ಪುಡಿ. ಪುಡಿ ಯಾರದೆಂದು ಅವನಿಗೆ ಗೊತ್ತಿತ್ತು. ಆ ಕುರ್ಚಿಯಲ್ಲಿ ಕೂತು ತಲೆ ಕೆರೆದುಕೊಳ್ಳುವವನು ಅವನೊಬ್ಬನೇ.

ನಾಯಿ, ಹೆಂಡತಿ, ತಾನು. ಮೂವರೂ ಇಷ್ಟು ಒತ್ತಾಗಿ ಕೂಡಿಕೊಂಡಿದ್ದ ಜಾಗ ಈ ಮನೆಯಲ್ಲಿ ಬೇರೆ ಇರಲಿಲ್ಲ.

ಪೇಪರನ್ನು ಮಡಚಿ ಬುಟ್ಟಿಗೆ ಹಾಕಿದ. ಕೈ ತೊಳೆದ. ಮತ್ತೆ ತೊಳೆದ.

ಸಂಜೆ ಏಳಕ್ಕೆ ಯಂತ್ರ ಓಡಬೇಕು. ಒಂಬತ್ತು ವರ್ಷದಿಂದ ಪ್ರತಿ ಶನಿವಾರ ಏಳಕ್ಕೆ ಐದು ಜನ ಸೇರುತ್ತಾರೆ. ಒಬ್ಬನಿರುವುದು ಕಡಲಾಚೆಯ ಹೋಬಾರ್ಟ್‌ನಲ್ಲಿ, ಒಬ್ಬಳು ದೇಶದ ಪಡುವಣ ತುದಿಯ ಬನ್‌ಬರಿಯಲ್ಲಿ, ಉಳಿದವರು ಇನ್ನೆಲ್ಲೋ. ಮುಖ ನೋಡಿದವರಿಲ್ಲ. ಐವರೂ ಸೇರಿ ತೆರೆಯ ಮೇಲಿನ ಕೋಟೆಯೊಂದನ್ನು ಹತ್ತುತ್ತಾರೆ. ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವವನು ಡಗಲ್. ಅಲ್ಲಿ ಅವನ ಹೆಸರು ಡಗಲ್ ಅಲ್ಲ; ಐಸ್.

ಕಳೆದ ಮೂರು ವಾರವೂ ಆಟದ ನಡುವೆ ಕಂಪ್ಯೂಟರಿನ ಪೆಟ್ಟಿಗೆ ಕಾದು ತಾನಾಗಿ ಆರಿಹೋಯಿತು. ಗುರಾಣಿ ಮಾಯವಾಯಿತು. ಹಿಂದಿದ್ದ ನಾಲ್ವರೂ ಸತ್ತರು. ಬುಧವಾರ ಹೋಬಾರ್ಟ್‌ನಿಂದ ಟೈನಿ ಫೋನ್ ಮಾಡಿದ್ದ. ಟೈನಿ ಗುಂಪಿನ ಮುಖ್ಯಸ್ಥ.

"ಇನ್ನೊಂದ್ಸಲ ಹೀಗಾದ್ರೆ ಕಷ್ಟ ಗುರೂ. ಪರ್ತ್‌ನಲ್ಲಿ ಒಬ್ಳು ಇದಾಳೆ, ಚೆನ್ನಾಗಿ ಆಡ್ತಾಳೆ. ಕಾಯ್ತಿದಾಳೆ."

"ಹಾಗೇನೂ ಆಗಲ್ಲ."

"ಬೇಜಾರು ಮಾಡ್ಕೋಬೇಡ ಐಸ್."

"ಯಾಕೆ ಮಾಡ್ಕೊಳ್ಳಿ?"

ಫೋನಿಟ್ಟ ಮೇಲೆ ಅವನು ಬಚ್ಚಲಿಗೆ ಹೋಗಿ ಸುಮ್ಮನೆ ನಿಂತಿದ್ದ. ಕಚೇರಿಯಲ್ಲಿ ಅವನು ಪ್ರೆಂಟಿಸ್. ಮನೆಯಲ್ಲಿ ಡಗಲ್. ಆ ಎರಡು ಹೆಸರುಗಳನ್ನು ಯಾರಾದರೂ ಕಿತ್ತುಕೊಂಡಿದ್ದರೆ ಅವನು ಅಷ್ಟಾಗಿ ಕೊರಗುತ್ತಿರಲಿಲ್ಲ.

ಪೆಟ್ಟಿಗೆ ನೀರಿನಿಂದ ತಂಪಾಗುವಂಥದು. ಕಾದ ಭಾಗಗಳ ಮೇಲೆ ಕೊಳವೆಯಲ್ಲಿ ನೀರು ಹರಿದು, ಬಿಸಿಯನ್ನು ಹೊತ್ತು ಪುಟ್ಟ ರೇಡಿಯೇಟರಿಗೆ ತರುತ್ತದೆ. ಫ್ಯಾನು ಅದನ್ನು ಹೊರಗೆ ಊದುತ್ತದೆ. ಎರಡು ವರ್ಷದ ಹಿಂದೆ ಅವನೇ ಜೋಡಿಸಿದ್ದ. ತಾನು ಕೆಲಸ ಮಾಡುವ ಪ್ರಯೋಗಾಲಯದಿಂದ ಭಟ್ಟಿಯಿಳಿಸಿದ ನೀರು ತಂದು ತುಂಬಿದ್ದ. ಇಷ್ಟು ಶುದ್ಧವಾದ ನೀರಿನಲ್ಲಿ ಏನೂ ಬೆಳೆಯುವುದಿಲ್ಲ ಎಂದುಕೊಂಡು ಪಾಚಿ ತಡೆಯುವ ಔಷಧಿಯ ನಾಲ್ಕು ಹನಿ ಹಾಕಿರಲಿಲ್ಲ.

ಈಗ ಕೊಳವೆಯ ಒಂದು ತುದಿ ಬಿಚ್ಚಿ ಬಕೆಟ್ಟಿಗೆ ಬಗ್ಗಿಸಿದ. ಏನೂ ಬರಲಿಲ್ಲ. ಅಲುಗಾಡಿಸಿದ. ಆಮೇಲೆ ಗಂಟಲು ಕೆರೆದು ಉಗಿದಂತೆ ಒಂದು ಸದ್ದಾಗಿ ಬಿತ್ತು: ಉದ್ದವಾಗಿ, ಹಸಿರಾಗಿ, ಒಂದು ತುದಿಯಲ್ಲಿ ಇನ್ನೂ ಕೊಳವೆಯನ್ನು ಬಿಡದೆ ನೇತಾಡುತ್ತ. ಶೀತವಾದವನ ಮೂಗಿನಿಂದ ಬರುವಂಥದು. ಹೂದಾನಿಯಲ್ಲಿ ವಾರಗಟ್ಟಲೆ ಮರೆತ ಹೂವಿನ ವಾಸನೆ ಕೋಣೆ ತುಂಬಿತು.

ಡಗಲ್ ತೋಳಿನಿಂದ ಮೂಗು ಮುಚ್ಚಿಕೊಂಡ. ಇದು ಎರಡು ವರ್ಷ ತನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಬಣ್ಣದ ದೀಪ ಹಚ್ಚಿಕೊಂಡು ಸುತ್ತುತ್ತಿತ್ತು. ಹಸಿರು ದೀಪದಲ್ಲಿ ಹಸಿರು ಕಂಡಿರಲಿಲ್ಲ. ಎಷ್ಟೋ ಸಂಜೆ ಅವನು ಅದನ್ನು ನೋಡುತ್ತ, ಚೆಂದ ಇದೆ ಎಂದುಕೊಂಡಿದ್ದ.

ಊರಿಗೆಲ್ಲ ಕುಡಿಯುವ ನೀರು ಪರೀಕ್ಷಿಸಿ ಸಹಿ ಹಾಕುವವನು ಅವನು. ಮರ್ರೇ ನದಿಯಲ್ಲಿ ಈ ಬೇಸಿಗೆ ಪಾಚಿ ಎದ್ದಿತ್ತು. ದಂಡೆಯ ಉದ್ದಕ್ಕೂ ನಿಲ್ಲಿಸಿದ ಹಳದಿ ಫಲಕದ ಮಾತು ಅವನೇ ಬರೆದದ್ದು. ಮೇಲಧಿಕಾರಿ ಒಂದು ಸಾಲು ಕೂಡ ತಿದ್ದಿರಲಿಲ್ಲ. ನೀರು ಮುಟ್ಟಬೇಡಿ. ಮೀನು ತಿನ್ನಬೇಡಿ. ನಾಯಿಗಳನ್ನು ದೂರವಿಡಿ.

"ಏನೋ ಸತ್ತಿದೆ ಇಲ್ಲಿ."

ಬಾಗಿಲಲ್ಲಿ ಜನೆಲ್ ನಿಂತಿದ್ದಳು. ಡಬ್ಬಿಯಿಂದಲೇ ಫೋರ್ಕಿನಲ್ಲಿ ಚುಚ್ಚಿ ಬೀಟ್‌ರೂಟ್ ತಿನ್ನುತ್ತಿದ್ದಳು. ತುಟಿಯ ಮೂಲೆಯಲ್ಲಿ ನೇರಳೆ ರಸ ಇಳಿದಿತ್ತು. ಅವಳ ಹಿಂದೆ ಪಿಕಲ್. ಕುರಿ ಕಾಯುವ ಜಾತಿಯ ಮುದಿ ನಾಯಿ; ಕುರಿಯನ್ನು ಯಾವತ್ತೂ ಕಂಡದ್ದಿಲ್ಲ. ಸೊಂಟ ಬಿದ್ದುಹೋಗಿ, ನಡೆದರೆ ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ ಎನ್ನುವ ಹಾಗೆ ನಡೆಯುತ್ತಿತ್ತು.

"ಏನೂ ಸತ್ತಿಲ್ಲ," ಎಂದ ಡಗಲ್.

"ಅಡುಗೆಮನೇಗೂ ಬಂತು ವಾಸನೆ."

"ಕಿಟಕಿ ಮುಚ್ಚು ಅಂತ ಎಷ್ಟು ಸಲ ಹೇಳಿದೀನಿ? ಧೂಳು ಅಲ್ಲಿಂದಾನೇ ಬರೋದು."

"ಮುಚ್ಚಿದ್ರೆ ಕೂಲರ್ ಕೆಲಸ ಮಾಡುತ್ತಾ? ಬೇಯ್ಬೇಕಾ ನಾವು?"

ಅದು ನಿಜ. ಚಾವಣಿಯ ಮೇಲಿನ ನೀರಿನ ಕೂಲರ್ ಓಡಬೇಕಾದರೆ ಒಂದಾದರೂ ಕಿಟಕಿ ತೆರೆದಿರಬೇಕು. ತೆರೆದರೆ ದ್ರಾಕ್ಷಿ ತೋಟಗಳ ಆಚೆಯ ಕೆಂಪು ಬಯಲು ಒಳಗೆ ಬರುತ್ತದೆ. ಈ ಊರಿನವರು ಬೇಸಿಗೆಯಿಡೀ ಧೂಳು ಬೇಕೋ ಸೆಕೆ ಬೇಕೋ ಎಂದು ಆರಿಸಿಕೊಂಡೇ ಬದುಕುತ್ತಾರೆ. ಡಗಲ್‌ಗೆ ಎರಡೂ ಸಿಕ್ಕಿದ್ದವು.

ಜನೆಲ್ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ವೃದ್ಧಾಶ್ರಮದಲ್ಲಿ ನರ್ಸಾಗಿದ್ದವಳಿಗೆ ಅಸಹ್ಯ ಎನ್ನುವುದು ಉಳಿದಿರಲಿಲ್ಲ. ಬೀಟ್‌ರೂಟ್ ಅಗಿಯುತ್ತಲೇ ಇದ್ದಳು.

"ಟೈನಿ ಏನಂದ?"

"ಏನಿಲ್ಲ."

"ತೆಗೆದುಹಾಕ್ತಾರಂತಾ?"

"ಯಾರು ಹೇಳಿದ್ದು?"

"ಬಚ್ಚಲಲ್ಲಿ ಅರ್ಧ ಗಂಟೆ ನಿಂತಿದ್ಯಲ್ಲ." ಅವಳು ಫೋರ್ಕ್ ನೆಕ್ಕಿದಳು. "ಅಲ್ಲ, ಆ ಟೈನಿ ಹೇಗಿದಾನೆ ನೋಡೋಕೆ?"

"ನೋಡಿಲ್ಲ. ನೂರಾಮೂವತ್ತು ಕೇಜಿ ಅಂತ ಅವನೇ ಹೇಳ್ತಿರ್ತಾನೆ."

"ಅದಕ್ಕೇ ಪುಟಾಣಿ ಅಂತ ಕರೀತಾರೆ."

"ಗೊತ್ತು."

"ನಮ್ಮ ವಾರ್ಡಲ್ಲಿ ಬೋಳುತಲೆ ಮುದುಕಂಗೆ ಎಲ್ರೂ ಗುಂಗುರ ಅಂತಾರೆ. ನಮ್ಮಪ್ಪನ ಹತ್ರ ಒಬ್ಬ ಆಳಿದ್ದ, ದಿನಕ್ಕೊಂದು ಮಾತಾಡ್ತಿದ್ದ. ಅವನ ಹೆಸರು ರೇಡಿಯೊ." ಅವಳು ಡಗಲ್‌ನ ಮುಖವನ್ನು, ಹಣೆಯಿಂದ ಇಳಿಯುತ್ತಿದ್ದ ಬೆವರನ್ನು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಕೊಳವೆಯನ್ನು ನೋಡಿದಳು. "ನೀನು ಐಸ್."

ಒಂದು ಕ್ಷಣ ಅವಳಿಗೂ ಅದು ಹೊಸದಾಗಿ ಹೊಳೆದಂತೆ ಕಂಡಿತು. ಆಮೇಲೆ ನಕ್ಕಳು. ಬಾಯೊಳಗೆಲ್ಲ ನೇರಳೆ.

"ನನ್ನದು ಹಾಗಲ್ಲ," ಎಂದ ಡಗಲ್. "ನಾನು ಗಾಬರಿ ಬೀಳಲ್ಲ. ಅದಕ್ಕೆ."

"ಹೂಂ. ಅದಕ್ಕೇ ಇರಬೇಕು ಬಿಡು."

ಅವಳು ಹೋದ ಮೇಲೆ ಅವನು ಕೊಳವೆಯೊಳಗೆ ಬಾಟಲಿ ತೊಳೆಯುವ ಬ್ರಷ್ ತೂರಿಸಿ ಉಜ್ಜಿದ. ತಾನು ಹುಟ್ಟಿದ್ದು, ಬೆಳೆದದ್ದು ಇದೇ ನೆಲದಲ್ಲಿ. ಉಲ್ಟಾ ಹೆಸರಿಡುವ ಚಾಳಿ ತನಗೆ ತಿಳಿಯದ್ದೇನಲ್ಲ. ಟೈನಿಯ ಹೆಸರಿಗೆ ತಾನೂ ನಕ್ಕಿದ್ದ. ಒಂಬತ್ತು ವರ್ಷ ತನ್ನ ಹೆಸರೊಂದನ್ನು ಮಾತ್ರ ನೆಟ್ಟಗೆ ಓದಿಕೊಂಡಿದ್ದನೆ? ಹೆಸರು ಬಿದ್ದ ದಿನ ನೆನಪು ಮಾಡಿಕೊಳ್ಳಲು ನೋಡಿದ. ಮೊದಲ ಸಂಜೆ. ಕೋಟೆಯ ಬಾಗಿಲು. ಅವನು ಏನೋ ಕೂಗಿದ್ದ. ಏನೆಂದು ನೆನಪಾಗಲಿಲ್ಲ. ನಾಲ್ವರೂ ನಕ್ಕದ್ದು ನೆನಪಾಯಿತು. ಗೆದ್ದ ಖುಷಿಗೆ ನಕ್ಕರೆಂದು ಆಗ ತಿಳಿದಿದ್ದ.

ಬ್ರಷ್ಷಿನ ಕೂದಲಲ್ಲಿ ಪಾಚಿ ಮೆತ್ತಿಕೊಂಡು ಬರುತ್ತಲೇ ಇತ್ತು.

ನೀರಿನ ಬದಲು ಕೊಳವೆಗೆ ತುಂಬಲು ಹೊಸ ಕೂಲಂಟ್ ತರಿಸಿದ್ದ. ಬಂದಿರಲಿಲ್ಲ, ಅಥವಾ ಬಂದಿತ್ತು. ಮಧ್ಯಾಹ್ನ ಅಂಚೆಪೆಟ್ಟಿಗೆ ತೆರೆದಾಗ ಒಂದು ಚೀಟಿ ಇತ್ತು: ಮನೆಯಲ್ಲಿ ಯಾರೂ ಇರಲಿಲ್ಲ, ಸೋಮವಾರ ಬಂದು ಒಯ್ಯಿರಿ. ಇಬ್ಬರೂ ಮನೆಯಲ್ಲೇ ಇದ್ದರು. ಬಾಗಿಲು ಬಡಿದದ್ದು ಇಬ್ಬರಿಗೂ ಕೇಳಿಸಿರಲಿಲ್ಲ. ಅಥವಾ ಇನ್ನೊಬ್ಬರು ತೆಗೆಯುತ್ತಾರೆಂದು ಇಬ್ಬರೂ ಸುಮ್ಮನಿದ್ದರು. ಆ ಮನೆಯಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಹಿತ್ತಲ ತಗಡಿನ ಕೊಟ್ಟಿಗೆಯನ್ನು ಹೊಕ್ಕರೆ ಒಲೆಯ ಬಾಯಿಗೆ ಮುಖವಿಟ್ಟಂತಾಯಿತು. ಮಾವ ದ್ರಾಕ್ಷಿ ತೋಟ ಮಾರಿದಾಗ ಟ್ರ್ಯಾಕ್ಟರಿನ ಜತೆ ಹೋಗದೆ ಉಳಿದ ಸಾಮಾನುಗಳಲ್ಲಿ ಒಂದು ತಗಡಿನ ಕ್ಯಾನು ಇತ್ತು. ಚೀಟಿ ಸುಲಿದುಹೋಗಿತ್ತು. ಮುಚ್ಚಳ ತೆಗೆದು ಮೂಸಿದ. ಸಿಹಿ. ಮಕ್ಕಳ ಶರಬತ್ತಿನಂಥ, ನಾಚಿಕೆಯಿಲ್ಲದ ಸಿಹಿ.

ಅದು ಏನೆಂದು ಅವನಿಗೆ ಹೆಸರು ಸಮೇತ ಗೊತ್ತಿತ್ತು. ಗಾಡಿಯ ರೇಡಿಯೇಟರಿಗೆ ಹಾಕುವ ಕೂಲಂಟ್; ಸಿಹಿ ವಿಷ. ಈಗಿನದಕ್ಕೆ ಕಹಿ ಬೆರೆಸುತ್ತಾರೆ, ಯಾರೂ ಅಪ್ಪಿತಪ್ಪಿ ಕುಡಿಯಬಾರದೆಂದು. ಇದು ಹಳೆಯದು. ರೇಡಿಯೇಟರ್ ಎಂದರೆ ರೇಡಿಯೇಟರ್, ಟ್ರ್ಯಾಕ್ಟರಿನದಾದರೇನು, ಕಂಪ್ಯೂಟರಿನದಾದರೇನು ಎಂದುಕೊಂಡ. ಹಾಗೆ ಅಂದುಕೊಳ್ಳುವ ಗಂಡಸರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಕ್ಯಾನಿನ ಕೂಲಂಟನ್ನು ಮೊದಲ ಸಲ ತುಂಬಿ ಪಂಪ್ ಓಡಿಸಿದಾಗ ಮೂಲೆಮುಡುಕಿನಲ್ಲಿ ಉಳಿದ ಪಾಚಿಯೆಲ್ಲ ಬಿಟ್ಟುಕೊಂಡು ಚೂರುಚೂರಾಗಿ ಸುತ್ತತೊಡಗಿತು. ಅದನ್ನು ಹೊರಗೆ ಬಸಿಯಬೇಕಾಯಿತು. ಬಕೆಟ್ಟು ತುಂಬಿತ್ತು. ಕೈಗೆ ಸಿಕ್ಕಿದ್ದು ಖಾಲಿ ಐಸ್‌ಕ್ರೀಮ್ ಡಬ್ಬಿ. ಈ ಮನೆಯಲ್ಲಿ ಎಲ್ಲವೂ ಐಸ್‌ಕ್ರೀಮ್ ಡಬ್ಬಿಯಲ್ಲೇ: ಮೊಳೆ, ಗುಂಡಿ, ಉಳಿದ ಸಾರು, ಬಟ್ಟೆಯ ಕ್ಲಿಪ್ಪು, ಪಿಕಲ್‌ನ ನೀರು. ಡಬ್ಬಿಯ ಅರ್ಧದಷ್ಟಾಯಿತು. ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿದ್ದುದರಿಂದ ಅದನ್ನು ಹಿಂದಿನ ಜಗಲಿಯಲ್ಲಿಟ್ಟು ಓಡಿ ಬಂದ. ಕೊಳವೆಯ ತುದಿ ಬಾಯಿ ತೆರೆದುಕೊಂಡೇ ಇತ್ತು.

ಎರಡನೆಯ ಸಲ ತುಂಬಿದ. ತಿರುಪು ಬಿಗಿದ. ಬಿಳಿ ಬಟ್ಟೆ ಹಾಸಿ ಸೋರುತ್ತದೆಯೇ ಎಂದು ನೋಡುತ್ತ ಮಂಡಿಯೂರಿ ಕೂತ. ಹಿಂದಿನಿಂದ ಜನೆಲ್‌ಳ ದನಿ, ಶೂ ಕಟ್ಟುವ ಸದ್ದು. ಅವಳ ಪಾಳಿ ನಾಲ್ಕಕ್ಕೆ.

"ಪೈ ಇದೆ ಫ್ರಿಜ್ಜಲ್ಲಿ."

"ಹೂಂ."

"ಪಿಕಲ್‌ನ ನೋಡ್ಕೋ. ನಲವತ್ತಾರು ಡಿಗ್ರಿಯಂತೆ ಇವತ್ತು."

"ಹೂಂ."

"ಜಗಲೀಲಿ ಅದೇನೋ ಇಟ್ಟಿದೀಯಲ್ಲ..."

"ಹೂಂ ಅಂದ್ನಲ್ಲ ಜನೆಲ್."

ಅವಳ ಹೆಜ್ಜೆ ಜಗಲಿಯ ಕಡೆ ಹೋಯಿತು. ಆಮೇಲೆ ನಲ್ಲಿ ತಿರುಗಿದ ಸದ್ದು, ನೀರು ಬಿದ್ದ ಸದ್ದು, ಏನೋ ಚೆಲ್ಲಿದಂಥ ಸದ್ದು. ಬಾಗಿಲು. ಕಾರು. ಡಗಲ್ ಬಟ್ಟೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಒಂದು ಹನಿಯೂ ಬಿದ್ದಿರಲಿಲ್ಲ.

ಸ್ವಿಚ್ ಒತ್ತಿದ. ಪಂಪ್ ಗುನುಗಿತು. ಹಸಿರು ದೀಪಗಳು ಹತ್ತಿದವು. ಯಂತ್ರದ ಬೆನ್ನು ಮುರಿಯುವಂಥ ಕೆಲಸ ಕೊಟ್ಟು, ತೆರೆಯ ಮೂಲೆಯಲ್ಲಿ ಬಿಸಿ ತೋರಿಸುವ ಅಂಕಿಯನ್ನು ನೋಡುತ್ತ ಕೂತ. ನಲವತ್ತು. ನಲವತ್ತೇಳು. ಐವತ್ತೆರಡು. ಅಲ್ಲಿಗೆ ನಿಂತಿತು. ಕಳೆದ ಶನಿವಾರ ಇದೇ ಅಂಕಿ ತೊಂಬತ್ತೆಂಟು ಮುಟ್ಟಿತ್ತು. ಅವನು ಕಾದ. ಐವತ್ತೆರಡು. ಹೊರಗಿನ ಗಾಳಿಗಿಂತ ಬರೀ ಆರು ಹೆಚ್ಚು. ಅವನ ಕಣ್ಣು ತೇವವಾಯಿತು. ಇಂಥದ್ದಕ್ಕೆ ಕಣ್ಣು ತೇವವಾಗುವವನನ್ನು ಏನೆಂದು ಕರೆಯಬೇಕೆಂಬುದು ಅವನಿಗೆ ಹೊಳೆದು, ತೇವ ಅಲ್ಲೇ ಆರಿತು.

ಸ್ನಾನ ಮಾಡಿದ. ಉಗುರಿನ ಸಂದಿಯ ಹಸಿರು ಹೋಗಲಿಲ್ಲ. ಪೈ ಬಿಸಿಮಾಡಿದ, ಒಳಗಿನ ಮಾಂಸದ ಗೊಜ್ಜು ಬಸಿದಾಗ ಬಕೆಟ್ಟು ನೆನಪಾಗಿ, ಎರಡು ತುತ್ತಿಗೆ ತಟ್ಟೆ ಸರಿಸಿದ. ಮಿಕ್ಕದ್ದನ್ನು ನಾಯಿಗೆ ಹಾಕೋಣವೆಂದು ಜಗಲಿಗೆ ಹೋದ. ಗಂಟೆ ಆರೂವರೆ ದಾಟಿತ್ತು. ಬಿಸಿಲಿನ್ನೂ ಇತ್ತು.

ಜಗಲಿಯಲ್ಲಿ ಎರಡು ಐಸ್‌ಕ್ರೀಮ್ ಡಬ್ಬಿಗಳಿದ್ದವು. ಒಂದರಲ್ಲಿ ನೀರು ಅಂಚಿನ ತನಕ. ಇನ್ನೊಂದು ಖಾಲಿ.

ಖಾಲಿ ಡಬ್ಬಿ ಅವನಿಟ್ಟ ಜಾಗದಲ್ಲಿರಲಿಲ್ಲ. ಗೋಡೆಗೆ ಒತ್ತಿಕೊಂಡಿತ್ತು, ನಾಯಿ ನೆಕ್ಕುತ್ತ ನೆಕ್ಕುತ್ತ ಮೂತಿಯಿಂದ ತಳ್ಳಿದರೆ ಹೋಗಿ ನಿಲ್ಲುವ ಹಾಗೆ. ಜನೆಲ್ ಕಾಲಿನಿಂದ ಸರಿಸಿದರೂ ಅಲ್ಲೇ ಹೋಗಿ ನಿಲ್ಲುತ್ತಿತ್ತು. ತಳದಲ್ಲಿ ತಿಳಿಹಸಿರು ಗೆರೆ. ಕಲ್ಲಿನ ಮೇಲೆ ಚೆಲ್ಲಿದ ಕಲೆ ಇತ್ತು, ಯಾವಾಗಿನದೋ. ಅದು ಆವಿಯಾಗುವಂಥ ದ್ರವ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳು ಹೊರಡುವಾಗ ಚೆಲ್ಲಿದ ಸದ್ದು ಕೇಳಿದ್ದೂ ಗೊತ್ತಿತ್ತು. ಏನು ಚೆಲ್ಲಿತ್ತು? ನಾಯಿಯ ಹಳೆಯ ನೀರೇ? ಇದೇ?

"ಪಿಕಲ್."

ಬರಲಿಲ್ಲ. ಒಳಗೆ ಬಂದು ನೋಡಿದರೆ ನಾಯಿ ಅವನ ಮೇಜಿನ ಕೆಳಗೆ, ಪೆಟ್ಟಿಗೆಗೆ ಬೆನ್ನು ತಾಗಿಸಿ ಮಲಗಿತ್ತು. ಕರೆದದ್ದಕ್ಕೆ ಎದ್ದಿತು. ಹಿಂಗಾಲು ಜಾರಿ ಕೂತಿತು. ಮತ್ತೆ ಎದ್ದು, ಕುಡಿದವನ ಹಾಗೆ ಎರಡು ಹೆಜ್ಜೆ ಹಾಕಿ, ಮತ್ತೆ ಮಲಗಿತು. ದಿನವೂ ಹಾಗೆಯೇ ನಡೆಯುತ್ತಿತ್ತಲ್ಲ. ಇವತ್ತು ಹೆಚ್ಚೋ? ಅವನು ದಿನವೂ ನೋಡಿರಲಿಲ್ಲ.

ಬಗ್ಗಿ ಬಾಯಿ ಬಿಡಿಸಿದ. ನಾಲಿಗೆ ಹಸಿರಾಗಿತ್ತು. ಹಲ್ಲು ಹಸಿರು. ಅವನ ಕೈ ಹಸಿರು. ಪೆಟ್ಟಿಗೆಯ ದೀಪದಲ್ಲಿ ಅಲ್ಲಿ ಎಲ್ಲವೂ ಹಸಿರಾಗಿತ್ತು. ಕಿಟಕಿಯ ಹತ್ತಿರ ಎತ್ತಿಕೊಂಡು ಹೋಗಿ ಹೊರಗಿನ ಬೆಳಕಿನಲ್ಲಿ ನೋಡಬಹುದಿತ್ತು. ನಾಲ್ಕು ಹೆಜ್ಜೆ. ಬಾಯಿಂದ ಬಂದ ಉಸಿರು ಮುಖಕ್ಕೆ ಬಡಿದು, ಅದು ಕೊಳೆತ ಮೀನಿನದೋ ಸಿಹಿಯದೋ ಎಂದು ಮೂಸುವ ಮೊದಲೇ ಓಕರಿಕೆ ಬಂದು ಮುಖ ಹೊರಳಿಸಿದ.

ಆ ವಿಷ ಕುಡಿದರೆ ಏನಾಗುತ್ತದೆಂಬುದು ಪಾಠದ ಹಾಗೆ ನೆನಪಿಗೆ ಬಂತು. ಮೊದಲು ಅಮಲು. ಆಮೇಲೆ ಸರಿಹೋದಂತೆ ಕಾಣುತ್ತದೆ. ಆಮೇಲೆ ಮೂತ್ರಪಿಂಡದಲ್ಲಿ ಹರಳು ಕಟ್ಟುತ್ತದೆ; ಸೂಕ್ಷ್ಮದರ್ಶಕದಲ್ಲಿ ಅವು ತುಂಬ ಚೆಂದ ಕಾಣುತ್ತವೆ. ಮೊದಲ ಕೆಲವು ಗಂಟೆಯೊಳಗೆ ಮದ್ದು ಕೊಟ್ಟರೆ ಉಳಿಯುತ್ತದೆ. ಸೇತುವೆಯಾಚೆ ಪಶುವೈದ್ಯೆ ಇದ್ದಾಳೆ. ತುರ್ತು ನಂಬರು ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿನಲ್ಲಿದೆ. ಅದಕ್ಕೂ ಮೊದಲು ಜನೆಲ್‌ಗೆ ಒಂದು ಫೋನ್ ಮಾಡಿದರೆ ಸಾಕು: ಡಬ್ಬೀಲಿದ್ದದ್ದು ನೀನು ಚೆಲ್ಲಿದ್ಯಾ? ಹೌದು ಅಂದರೆ ಎಲ್ಲ ಸರಿ. ಇಲ್ಲ ಅಂದರೆ, ಯಾಕೆ, ಅದರಲ್ಲೇನಿತ್ತು ಎನ್ನುತ್ತಾಳೆ. ಆಗ ಹೇಳಬೇಕು. ಆಗ ಹೊರಡಬೇಕು.

ಏಳಕ್ಕೆ ಐದು ನಿಮಿಷವಿತ್ತು.

ಅವಳು ಚೆಲ್ಲಿದ್ದಾಳೆ ಎಂದುಕೊಂಡ. ಸದ್ದು ಕೇಳಿದೆನಲ್ಲ. ಎಂಟೂವರೆಗೆ ಆಟ ಮುಗಿಯುತ್ತದೆ; ಆಗಲೂ ಸಮಯವಿರುತ್ತದೆ. ಲೆಕ್ಕ ತಪ್ಪಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನ ಲೆಕ್ಕಗಳನ್ನು ಮೇಲಧಿಕಾರಿಯೂ ತಿದ್ದುತ್ತಿರಲಿಲ್ಲ.

ಕಿವಿಗೆ ಹೆಡ್‌ಫೋನ್ ಹಾಕಿ ಕೂತ. ಬರಿಗಾಲಿಗೆ ಪಿಕಲ್‌ನ ಹೊಟ್ಟೆ ತಾಗಿತು. ಕಾಲನ್ನು ಎಳೆದುಕೊಂಡ.

"ಬಂದಪ್ಪ, ಐಸ್ ಬಂದ!" ಟೈನಿಯ ದನಿ. ಹಿಂದಿನಿಂದ ಉಳಿದವರ ನಗು, ಲೋಟದ ಸದ್ದು. "ಇವತ್ತಾದ್ರೂ ಕುದೀಬೇಡ ಮಾರಾಯ."

"ಐವತ್ತೆರಡು," ಎಂದ ಡಗಲ್.

"ಏನದು, ನಿನ್ನ ವಯಸ್ಸಾ?" ಇದು ಬನ್‌ಬರಿಯವಳು, ವೀ.

"ಬಿಸಿ. ಬರೀ ಐವತ್ತೆರಡು. ಅಲ್ಲಾಡಲ್ಲ."

"ಓಹೋ, ನಿಜವಾಗ್ಲೂ ಐಸ್ ಆಗ್ಬಿಟ್ಟ ನೋಡ್ರೋ!"

ಎಲ್ಲರೂ ನಕ್ಕರು. ಒಂಬತ್ತು ವರ್ಷದ ಹಿಂದಿನ ಅದೇ ನಗು. ಅವನು ಈಗ ಅದನ್ನು ಗುರುತು ಹಿಡಿದ. ಕೇಳಿಬಿಡೋಣ ಅನ್ನಿಸಿತು: ನನಗೆ ಯಾಕೆ ಈ ಹೆಸರು ಇಟ್ಟಿರಿ? ಕೇಳಲಿಲ್ಲ. ತಾನೂ ನಕ್ಕ. ತೆರೆಯ ಮೇಲೆ ಕೋಟೆಯ ಬಾಗಿಲು ಎದ್ದಿತು. ಗುರಾಣಿ ಹಿಡಿದವನು ಹೋಗಿ ಎಲ್ಲರಿಗಿಂತ ಮುಂದೆ ನಿಂತ. ಬೆನ್ನ ಹಿಂದೆ ನಾಲ್ವರು ಒಬ್ಬೊಬ್ಬರಾಗಿ ಬಂದು ನಿಂತರು. ಅವನಿಗೆ ಹಾಯೆನಿಸಿತು. ಮೈಯಲ್ಲಿ ಎಲ್ಲೂ ಬೆವರಿರಲಿಲ್ಲ.

"ತಡಿ ತಡಿ," ಎಂದಳು ವೀ. "ಅದೇನದು ಸದ್ದು? ಐಸ್, ನಿನ್ನ ಕಡೆಯಿಂದಾನೇ ಬರ್ತಿದೆ."

ಮೇಜಿನ ಕೆಳಗಿನಿಂದ ಸಣ್ಣಗೆ, ಬೇಗಬೇಗ, ತಡೆತಡೆದು ಬರುತ್ತಿತ್ತು. ಹೋಬಾರ್ಟ್‌ನಲ್ಲೂ ಬನ್‌ಬರಿಯಲ್ಲೂ ಅದು ಕೇಳುತ್ತಿತ್ತು.

"ಏದುಸಿರು ಬಿಟ್ಟ ಹಾಗಿದೆಯಲ್ಲೋ," ಎಂದ ಟೈನಿ.

"ಫ್ಯಾನು," ಎಂದ ಡಗಲ್.

"ಕೆಟ್ಟಿದ್ಯಾ?"

"ಇಲ್ಲ. ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ."

"ನಡೀರಿ ಹಾಗಾದ್ರೆ."

ಬಾಗಿಲು ತೆರೆಯಿತು. ಅವನು ಗುರಾಣಿ ಎತ್ತಿದ. ಮೂಲೆಯಲ್ಲಿ ಅಂಕಿ ಐವತ್ತೆರಡರಲ್ಲೇ ಇತ್ತು. ಗಾಜಿನ ಬಾಗಿಲಿನ ಹಿಂದೆ ದೀಪದ ಬಣ್ಣದ್ದೇ ಆದ ದ್ರವ, ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ, ಸುತ್ತುತ್ತಿತ್ತು.

ಡಬ್ಬಿಯಲ್ಲಿದ್ದದ್ದನ್ನು ಜನೆಲ್ ಚೆಲ್ಲಿದಳೋ ಪಿಕಲ್ ಕುಡಿಯಿತೋ ಗೊತ್ತಿಲ್ಲ. ಕೋಟೆಯ ಮೂರನೆಯ ಮಹಡಿಯಲ್ಲಿ ಮೇಜಿನ ಕೆಳಗಿನ ಸದ್ದು ನಿಂತಿತು. ಅದು ನಿದ್ದೆಯಿಂದಲೋ ಏನೋ, ಅದೂ ಗೊತ್ತಿಲ್ಲ. ಡಗಲ್ ಬಗ್ಗಿ ನೋಡಲಿಲ್ಲ ಎಂಬುದಷ್ಟೇ ಗೊತ್ತು.